ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಅಂಗ ಜಾರಿದಾಗ ಮಲ ಯಾಕೆ ಸಿಕ್ಕಿಕೊಳ್ಳುತ್ತದೆ?

ಆಸರೆ ಸಡಿಲವಾಗಿ ಗರ್ಭಕೋಶ ಯೋನಿಯತ್ತ ಜಾರುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಕೋಶದ್ದಲ್ಲ, ಶೌಚದ್ದು. ಮೂತ್ರ ಸೋರುವುದನ್ನಾದರೂ ಹೇಳಿಕೊಳ್ಳುತ್ತಾರೆ. ಮಲ ಸಿಕ್ಕಿಕೊಳ್ಳುವುದನ್ನು ಮಾತ್ರ ಡಾಕ್ಟರ ಎದುರು ಕೂತಾಗಲೂ ನುಂಗಿಕೊಳ್ಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಉತ್ತರ ಕೊಟ್ಟವರು ಒಬ್ಬ ಸ್ತ್ರೀರೋಗ ತಜ್ಞೆ ಮತ್ತು ಪೆಲ್ವಿಕ್ ಫ್ಲೋರ್, ಅಂದರೆ ಗರ್ಭಕೋಶ, ಮೂತ್ರಕೋಶ, ಗುದನಾಳಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಚಿಕಿತ್ಸೆಯಲ್ಲಿ ಪಳಗಿದ ಒಬ್ಬ ಫಿಸಿಯೋಥೆರಪಿಸ್ಟ್. ಪತ್ರ ಬರೆದವರ ಹೆಸರು, ಊರು ಯಾವುದನ್ನೂ ಹಾಕಿಲ್ಲ.

ಪ್ರಶ್ನೆ: ನನಗೆ 52 ವರ್ಷ. ಮೂರೂ ನಾರ್ಮಲ್ ಹೆರಿಗೆ. ಮಲ ಬಾಗಿಲ ತನಕ ಬಂದು ನಿಂತುಬಿಡುತ್ತದೆ. ತಿಣುಕಿದರೆ ಅದು ಬರುವ ಬದಲು ಮುಂದುಗಡೆ ಯೋನಿಯಲ್ಲಿ ಏನೋ ಉಬ್ಬುತ್ತದೆ. ಆ ಉಬ್ಬನ್ನು ಬೆರಳಿನಿಂದ ಹಿಂದಕ್ಕೆ ಒತ್ತಿದರೆ ಮಾತ್ರ ಹೊಟ್ಟೆ ಖಾಲಿ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ, ಯಾರಿಗೂ ಹೇಳಿಲ್ಲ. ಇದು ಕೆಟ್ಟ ಅಭ್ಯಾಸವೇ? ಒತ್ತಿ ಒತ್ತಿ ನಾನೇ ಹಾಳು ಮಾಡಿಕೊಂಡೆನೇ?

ಉತ್ತರ: ಇಲ್ಲ. ನಿಮ್ಮ ಬೆರಳು ತೊಂದರೆಯನ್ನು ತಂದಿದ್ದಲ್ಲ, ಇರುವ ತೊಂದರೆಗೆ ದಾರಿ ಹುಡುಕಿಕೊಂಡದ್ದು. ಇದಕ್ಕೆ ವೈದ್ಯಕೀಯದಲ್ಲಿ ಹೆಸರೇ ಇದೆ, ಸ್ಪ್ಲಿಂಟಿಂಗ್ ಎನ್ನುತ್ತಾರೆ. ಫಿಸಿಯೋಥೆರಪಿಸ್ಟ್‌ಗಳು ಇದನ್ನು ಹೇಳಿಕೊಡುತ್ತಾರೆ ಕೂಡ.

ಒಳಗೆ ಆಗುತ್ತಿರುವುದು ಇಷ್ಟು. ಯೋನಿಯ ಹಿಂಗೋಡೆ ಮತ್ತು ಗುದನಾಳದ ಮುಂಗೋಡೆ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ನಡುವೆ ಒಂದು ತೆಳುವಾದ, ಆದರೆ ಬಿಗಿಯಾದ ಪದರ. ಹೆರಿಗೆಯಲ್ಲಿ ಹಿಗ್ಗಿಯೋ ಹರಿದೋ, ವರ್ಷಗಟ್ಟಲೆ ತಿಣುಕಿಯೋ, ವಯಸ್ಸಾದಂತೆ ಸೊರಗಿಯೋ ಆ ಪದರ ಸಡಿಲವಾದರೆ ಗುದನಾಳ ಯೋನಿಯ ಕಡೆಗೆ ಚೀಲದಂತೆ ಉಬ್ಬುತ್ತದೆ. ಇದೇ ರೆಕ್ಟೊಸೀಲ್. ಮಲ ಹೋಗಬೇಕಾದ ದಾರಿ ಕೆಳಕ್ಕೆ ಮತ್ತು ಹಿಂದಕ್ಕೆ. ನೀವು ತಿಣುಕಿದಾಗ ಗುದದ್ವಾರ ಬಿಗಿಯಾಗಿಯೇ ಇದ್ದು ಮುಂಗೋಡೆ ಮೆತ್ತಗಿದ್ದರೆ, ಒತ್ತಡ ಮೆತ್ತಗಿರುವ ಕಡೆಗೇ ನುಗ್ಗುತ್ತದೆ. ಮಲ ಚೀಲಕ್ಕೆ ಸೇರುತ್ತದೆ. ಇನ್ನೂ ತಿಣುಕಿದರೆ ಚೀಲ ಇನ್ನೂ ಹಿಗ್ಗುತ್ತದೆ. ಬೆರಳು ಆ ಗೋಡೆಗೆ ಊರೆಗೋಲು ಕೊಟ್ಟಾಗ ಮಾತ್ರ ಒತ್ತಡ ಸರಿಯಾದ ಕಡೆ ತಿರುಗುತ್ತದೆ.

ಒತ್ತುವುದನ್ನು ಬಿಡಬೇಕಿಲ್ಲ, ಸರಿಯಾಗಿ ಒತ್ತಬೇಕು. ಉಗುರು ಕತ್ತರಿಸಿರಲಿ, ಕೈ ಸೋಪಿನಲ್ಲಿ ತೊಳೆದಿರಲಿ. ತೆಳು ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು. ಯೋನಿ ಒಣಗಿದ್ದರೆ ನೀರಿನಂಶದ ಜೆಲ್ಲಿ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಲ್ಯಾಟೆಕ್ಸ್ ಗ್ಲೌಸನ್ನು ಹಾಳು ಮಾಡುತ್ತದೆ. ಹೆಬ್ಬೆರಳನ್ನು ಯೋನಿಯೊಳಗೆ 3ರಿಂದ 4 ಸೆಂಟಿಮೀಟರ್ ಇಟ್ಟು, ಬೆರಳಿನ ಮೆತ್ತನೆ ಭಾಗ ಬೆನ್ನಿನ ಕಡೆಗೆ ಇರುವಂತೆ ತಿರುಗಿಸಿ. ಉಬ್ಬು ಕೈಗೆ ಸಿಗುತ್ತದೆ, ಒಳಗಿರುವ ಮಲದ ಗಟ್ಟಿಯೂ ತಿಳಿಯುತ್ತದೆ. ಅದನ್ನು ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ನಿಧಾನವಾಗಿ ಒತ್ತಿ ಹಾಗೇ ಹಿಡಿದುಕೊಳ್ಳಿ. ಕೆದಕಬೇಡಿ, ಉಜ್ಜಬೇಡಿ. ಗೋಡೆ ಹಿಡಿದ ಹಾಗೆ ಹಿಡಿಯುವುದಷ್ಟೇ ಬೆರಳಿನ ಕೆಲಸ, ಉಳಿದದ್ದನ್ನು ಹೊಟ್ಟೆ ಮಾಡಲಿ.

ಒಳಗೆ ಬೆರಳಿಡಲು ಮನಸ್ಸಿಲ್ಲದವರು ಯೋನಿ ಮತ್ತು ಗುದದ್ವಾರದ ನಡುವಿನ ಜಾಗಕ್ಕೆ ಎರಡು ಬೆರಳು ಅಡ್ಡವಾಗಿಟ್ಟು ಮೇಲಕ್ಕೆ ಎತ್ತಿ ಹಿಡಿಯಬಹುದು. ಉಬ್ಬು ಚಿಕ್ಕದಿದ್ದವರಿಗೆ ಎಷ್ಟೋ ಸಲ ಇದೇ ಸಾಕಾಗುತ್ತದೆ. ಆದರೆ ಗುದದ್ವಾರದೊಳಗೇ ಬೆರಳು ಹಾಕಿ ಮಲ ತೆಗೆಯುವುದನ್ನು ದಿನದ ರೂಢಿ ಮಾಡಿಕೊಳ್ಳಬೇಡಿ. ಒಳಚರ್ಮ ಸೀಳುತ್ತದೆ, ಬಿಗಿ ಸ್ನಾಯುವಿಗೂ ಪೆಟ್ಟು. ಹಿಂದೆ ಮುಟ್ಟಿದ ಬೆರಳನ್ನು ತೊಳೆಯದೆ ಮುಂದೆ ಮುಟ್ಟಲೇಬಾರದು. ಮೂತ್ರದ ಸೋಂಕು ಹೀಗೂ ಹತ್ತಿಕೊಳ್ಳುತ್ತದೆ.

ಇನ್ನು ಕೂರುವ ರೀತಿ. ಗುದನಾಳವನ್ನು ಹಿಂದಿನಿಂದ ಕುಣಿಕೆಯಂತೆ ಸುತ್ತಿ ಮುಂದಕ್ಕೆ ಜಗ್ಗಿ ಹಿಡಿದಿರುವ ಒಂದು ಸ್ನಾಯು ಇದೆ. ನೆಟ್ಟಗೆ ಕುರ್ಚಿಯಲ್ಲಿ ಕೂತ ಹಾಗೆ ಕೂತರೆ ಆ ಕುಣಿಕೆ ಪೂರ್ತಿ ಸಡಿಲವಾಗುವುದಿಲ್ಲ, ನಾಳ ಬಾಗಿಯೇ ಇರುತ್ತದೆ. ಕಮೋಡ್ ಆದರೆ ಕಾಲ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಮಣೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ, ಕಾಲು ಅಗಲ, ಮೊಣಕೈ ತೊಡೆಯ ಮೇಲೆ, ಬೆನ್ನು ಗೂನಾಗದೆ ಮುಂದಕ್ಕೆ ಬಾಗಿರಲಿ. ತುದಿಗಾಲಲ್ಲಿ ಕೂರಬೇಡಿ, ಪಾದ ಪೂರ್ತಿ ಊರಿರಬೇಕು. ಪಾದ ತೇಲುತ್ತಿದ್ದರೆ ಕೆಳಗಿನ ಸ್ನಾಯು ತಾನಾಗಿಯೇ ಬಿಗಿಯುತ್ತದೆ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಾದರೆ ಮಣೆ ಬೇಡ, ಕೋನ ಅಲ್ಲಿ ತಾನೇ ಸರಿಯಿರುತ್ತದೆ. ಆದರೆ ಹೊತ್ತುಗಟ್ಟಲೆ ಹಾಗೆ ಕೂತರೆ ಜಾರಿದ ಅಂಗದ ಮೇಲೆಲ್ಲ ಭಾರ ಬೀಳುತ್ತದೆ.

ಉಸಿರು ಕಟ್ಟಿ, ಹಲ್ಲು ಕಚ್ಚಿ ತಿಣುಕುವುದನ್ನು ಮೊದಲು ಬಿಡಿ. ಸೊಂಟದ ಎರಡೂ ಬದಿಗೆ ಕೈ ಇಟ್ಟುಕೊಂಡು ಕೈ ಹೊರಕ್ಕೆ ಸರಿಯುವಂತೆ ಸೊಂಟ ಅಗಲಿಸಿ, ಹೊಟ್ಟೆ ಮುಂದಕ್ಕೆ ಉಬ್ಬಿಸಿ, ಬಾಯಿ ತೆರೆದು ಹಸು ಕೂಗಿದ ಹಾಗೆ 'ಮೂ' ಎಂದು ಉದ್ದಕ್ಕೆ ಉಸಿರು ಬಿಡಿ. ನಗು ಬರಬಹುದು. ಆದರೆ ಗಂಟಲು ತೆರೆದಿದ್ದಾಗ ಕೆಳಗಿನ ಬಾಗಿಲೂ ಸಡಿಲವಾಗುತ್ತದೆ, ಒತ್ತಡ ಹೊಟ್ಟೆಯಿಂದ ಹದವಾಗಿ ಇಳಿಯುತ್ತದೆ. ಎರಡು ಮೂರು ಉಸಿರು ಹೀಗೆ, ನಡುವೆ ವಿಶ್ರಾಂತಿ. ಹತ್ತು ನಿಮಿಷದಲ್ಲಿ ಆಗಲಿಲ್ಲವೆಂದರೆ ಎದ್ದುಬಿಡಿ. ಒಂದಿಷ್ಟು ನಡೆದಾಡಿ, ಮತ್ತೆ ಕರೆ ಬಂದಾಗ ಕೂತರಾಯಿತು. ಫೋನು ಹೊರಗಿರಲಿ.

ಹೊತ್ತೂ ಮುಖ್ಯ. ಊಟ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ಚಲಿಸಲು ಶುರುಮಾಡುತ್ತದೆ, ಬೆಳಗಿನ ಹೊತ್ತು ಇದು ಜೋರು. ಬಿಸಿ ಏನಾದರೂ ಕುಡಿದು ತಿಂಡಿಯಾದ 20-30 ನಿಮಿಷಕ್ಕೆ ದಿನಾ ಹೋಗಿ ಕೂತು ನೋಡಿ. ಕರೆ ಬಂದಾಗ 'ಆಮೇಲೆ ಹೋದರಾಯಿತು' ಎಂದು ಕೆಲಸಕ್ಕೆ ಕೂತರೆ ಮಲದಲ್ಲಿದ್ದ ನೀರನ್ನು ಕರುಳು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಮೆತ್ತಗಿದ್ದದ್ದು ಸಂಜೆಗೆ ಕಲ್ಲು.

ಪ್ರಶ್ನೆ: ನಾರಿನಂಶ ಜಾಸ್ತಿ ತಿನ್ನಿ ಅಂದರು. ಇಸಬಗೋಲು ಶುರು ಮಾಡಿದೆ, ದಿನಕ್ಕೆ ಮೂರು ದೊಡ್ಡ ಚಮಚ. ಹೊಟ್ಟೆ ನಗಾರಿ ಆಯಿತು, ಮಲ ಮಾತ್ರ ಅಲ್ಲಾಡಲಿಲ್ಲ. ನಾಲ್ಕೇ ದಿನಕ್ಕೆ ಬಿಟ್ಟೆ. ಬೇರೆ ದಾರಿ ಇಲ್ಲವೇ?

ಉತ್ತರ: ಮೂರು ದೊಡ್ಡ ಚಮಚ ಒಂದೇ ಏಟಿಗೆ ಹಾಕಿದ್ದೇ ತಪ್ಪಾಗಿದ್ದು. ಇಸಬಗೋಲನ್ನು ಲೋಟದ ನೀರಿಗೆ ಹಾಕಿ ಒಂದು ನಿಮಿಷ ನೋಡಿ: ಮೊದಲು ಹೊಟ್ಟು ತೇಲುತ್ತದೆ, ಆಮೇಲೆ ಊದುತ್ತದೆ, ನೀರೆಲ್ಲ ಲೋಳೆಯಾಗುತ್ತದೆ. ಕರುಳಿನಲ್ಲಿ ನಡೆಯುವುದೂ ಇದೇ. ಒಳಗೆ ಈಗಾಗಲೇ ಗಟ್ಟಿ ಮಲ ದಾರಿ ಕಟ್ಟಿಕೊಂಡಿದ್ದರೆ ಅದರ ಹಿಂದೆ ಈ ಲೋಳೆ ಬಂದು ನಿಲ್ಲುತ್ತದೆ. ಹೊಟ್ಟೆ ಉಬ್ಬದೆ ಇನ್ನೇನು?

ಮೊದಲು ಕಟ್ಟಿರುವುದನ್ನು ಬಿಡಿಸಬೇಕು, ನಾರು ಆಮೇಲೆ. ಬಿಡಿಸಲು ನಮ್ಮ ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ದಿನಕ್ಕೊಮ್ಮೆ 17 ಗ್ರಾಂ, ಸುಮಾರು 240 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಇದು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗಾಗಿಸುತ್ತದೆ, ಹುದುಗುವುದಿಲ್ಲ, ಹಾಗಾಗಿ ಗಾಳಿ ಕಡಿಮೆ. ಪರಿಣಾಮ ಕಾಣಲು ಒಂದರಿಂದ ಮೂರು ದಿನ ಬೇಕು. ಮೊದಲ ದಿನವೇ ಆಗಲಿಲ್ಲವೆಂದು ಎರಡು ಪಟ್ಟು ಕುಡಿಯಬೇಡಿ. ಲ್ಯಾಕ್ಟುಲೋಸ್ ಸಿರಪ್ 15ರಿಂದ 30 ಮಿಲಿಲೀಟರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುವುದರಿಂದ ಈಗಾಗಲೇ ಉಬ್ಬರವಿರುವ ನಿಮಗೆ ಅದು ಒಗ್ಗಲಿಕ್ಕಿಲ್ಲ. ಬಿಸಾಕೊಡಿಲ್, ಸೆನ್ನಾ ಮಾತ್ರೆಗಳು ಕರುಳನ್ನು ಹಿಂಡುವಂಥವು. ರಾತ್ರಿ ನುಂಗಿದರೆ 6ರಿಂದ 12 ಗಂಟೆಯಲ್ಲಿ ಕೆಲಸ. ಅಪರೂಪಕ್ಕೆ ಸರಿ. ಮೆಗ್ನೀಸಿಯಂ ಇರುವ ಭೇದಿ ಔಷಧ ಮೂತ್ರಪಿಂಡದ ತೊಂದರೆ ಇರುವವರಿಗೆ ಬೇಡ. ಲಿಕ್ವಿಡ್ ಪ್ಯಾರಾಫಿನ್ ನಿಮ್ಮ ಸ್ಥಿತಿಯಲ್ಲಿ ನಾವು ಕೊಡುವುದೇ ಇಲ್ಲ: ಎಣ್ಣೆಯಂತೆ ಸೋರಿ ಒಳಉಡುಪು ಕೆಡಿಸುತ್ತದೆ, ವಯಸ್ಸಾದವರು ನುಂಗುವಾಗ ಶ್ವಾಸಕೋಶಕ್ಕೆ ಹೋದರೆ ಅದೊಂದು ಬೇರೆಯೇ ಆಪತ್ತು.

ದಾರಿ ತೆರೆದ ಮೇಲೆ ಇಸಬಗೋಲಿಗೆ ಮತ್ತೊಂದು ಅವಕಾಶ ಕೊಡಿ. ದಿನಕ್ಕೆ ಒಂದು ಟೀ ಚಮಚ, 250 ಮಿಲಿಲೀಟರ್ ನೀರಿನಲ್ಲಿ ಕಲಸಿದ ಕೂಡಲೇ ಕುಡಿಯಬೇಕು. ಅದರ ಹಿಂದೆ ಇನ್ನೊಂದು ಲೋಟ ನೀರು. ಒಂದು ವಾರ ಹೊಟ್ಟೆ ಒಪ್ಪಿಕೊಂಡರೆ ಎರಡು ಟೀ ಚಮಚ. ಮಲಗುವ ಮುಂಚೆ ಬೇಡ, ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ನುಂಗಲು ತೊಂದರೆ ಇರುವವರು ಮುಟ್ಟಲೇಬಾರದು. ಆಹಾರದಲ್ಲಿ ದಿನಕ್ಕೆ 25ರಿಂದ 30 ಗ್ರಾಂ ನಾರು ಎನ್ನುವುದು ಗುರಿ. ಕಾಳು, ತರಕಾರಿ, ಸಿಪ್ಪೆ ಸಮೇತದ ಹಣ್ಣು, ತವುಡು ತೆಗೆಯದ ಧಾನ್ಯ ಇವೆಲ್ಲ ಸೇರಿ ಅಷ್ಟಾಗಬೇಕು, ಒಂದೇ ವಾರದಲ್ಲಲ್ಲ. ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಸಾಕು. ನಾಲ್ಕು ಲೀಟರ್ ಕುಡಿದರೆ ಮಲ ಇನ್ನಷ್ಟು ಮೆತ್ತಗಾಗುವುದಿಲ್ಲ, ಮೂತ್ರಕ್ಕೆ ಓಡಾಟ ಜಾಸ್ತಿ ಅಷ್ಟೆ.

ರೆಕ್ಟೊಸೀಲ್ ಇದ್ದವರು ಇನ್ನೊಂದು ತಪ್ಪು ಮಾಡುತ್ತಾರೆ. ಗಟ್ಟಿ ಬೇಡವೆಂದು ಪೂರ್ತಿ ನೀರು ನೀರಾಗಿಸಿಕೊಳ್ಳುತ್ತಾರೆ. ಪಾಯಸದಂಥ ಮಲ ಚೀಲದ ಮೂಲೆಮೂಲೆಗೂ ಹರಡಿ ಕೂರುತ್ತದೆ, ಒಂದೇ ಸಲಕ್ಕೆ ಹೊರಬರುವುದಿಲ್ಲ. ಮೆತ್ತಗಿರಬೇಕು, ಆದರೆ ಆಕಾರವಿರಬೇಕು: ನಯವಾದ ಬಾಳೆಹಣ್ಣಿನ ಹಾಗೆ, ಅಥವಾ ಮೇಲೆ ಸಣ್ಣ ಬಿರುಕಿದ್ದರೂ ಸರಿ. ಆಸ್ಪತ್ರೆಯಲ್ಲಿ ತೋರಿಸುವ ಬ್ರಿಸ್ಟಲ್ ಚಾರ್ಟಿನಲ್ಲಿ ಇದು 3 ಮತ್ತು 4ನೇ ನಮೂನೆ. ಆಡಿನ ಹಿಕ್ಕೆಯಂತಿದ್ದರೆ 1, ಪೂರ್ತಿ ನೀರಾದರೆ 7.

ನೀವು ಬೇರೇನು ಮಾತ್ರೆ ನುಂಗುತ್ತೀರೆಂದು ಪತ್ರದಲ್ಲಿ ಬರೆದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೋಡೀನ್ ಅಥವಾ ಟ್ರಮಡಾಲ್ ಇರುವ ನೋವಿನ ಮಾತ್ರೆ, ಅಮಿಟ್ರಿಪ್ಟಿಲಿನ್, ಅಲ್ಯೂಮಿನಿಯಂ ಇರುವ ಆ್ಯಂಟಾಸಿಡ್ ಇವೆಲ್ಲ ಮಲ ಕಟ್ಟುತ್ತವೆ. ಎಲ್ಲಕ್ಕಿಂತ ಕಾಡುವುದು ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್. ಅಂಗ ಜಾರಿದವರಿಗೆ ಮೂತ್ರದ ತೊಂದರೆಯೂ ಜೊತೆಗಿರುತ್ತದೆ. ಮುಂದಿನದಕ್ಕೆ ಕೊಟ್ಟ ಮಾತ್ರೆ ಹಿಂದಿನದನ್ನು ಕಟ್ಟುತ್ತದೆ. ಮಿರಾಬೆಗ್ರಾನ್‌ನಂಥ ಬೇರೆ ಬಗೆಯ ಮಾತ್ರೆಗೆ ಬದಲಾಯಿಸಬಹುದೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಥೈರಾಯ್ಡ್ ಪರೀಕ್ಷೆಯೂ ಒಮ್ಮೆ ಆಗಲಿ.

ಪ್ರಶ್ನೆ: ಶೌಚ ಮುಗಿಸಿ ಚೆನ್ನಾಗಿ ತೊಳೆದುಕೊಂಡು ಬಂದಿರುತ್ತೇನೆ. ಒಂದು ಗಂಟೆಯೊಳಗೆ ಒಳಉಡುಪಿಗೆ ಮತ್ತೆ ಸ್ವಲ್ಪ ತಗುಲಿರುತ್ತದೆ. ಹೊರಗೆ ಹೋಗಲು ಹೆದರಿಕೆ.

ಉತ್ತರ: ಚೀಲದಲ್ಲಿ ಉಳಿದದ್ದು ನೀವು ಎದ್ದು ಓಡಾಡಿದಾಗ ಜಾರಿ ಕೆಳಗೆ ಬರುತ್ತಿದೆ. ಹಾಗಾಗಿ ಶೌಚ ಮುಗಿಯಿತು ಎನಿಸಿದ ಕೂಡಲೇ ತೊಳೆದುಕೊಳ್ಳಬೇಡಿ. ಎದ್ದು ನಿಲ್ಲಿ, ಸೊಂಟವನ್ನು ಒಂದೆರಡು ಸುತ್ತು ತಿರುಗಿಸಿ, ನಾಲ್ಕು ಹೆಜ್ಜೆ ನಡೆದು ಮತ್ತೆ ಕೂತು ಹೆಬ್ಬೆರಳ ಆಸರೆ ಕೊಟ್ಟು ಒಂದೆರಡು ಉಸಿರು ಬಿಡಿ. ಎಷ್ಟೋ ಸಲ ಆ ಎರಡನೇ ಸರದಿಯಲ್ಲಿ ಉಳಿದದ್ದು ಬರುತ್ತದೆ. ಕೊನೆಗೆ ಗುದದ್ವಾರವನ್ನು ಮೂರು ನಾಲ್ಕು ಸಲ ಬಿಗಿಯಾಗಿ ಹಿಂಡಿ ಬಿಡಿ. ನಾಳದ ಕೊನೆಯಲ್ಲಿ ಅಂಟಿದ್ದು ಮೇಲೆ ಸರಿಯುತ್ತದೆ ಅಥವಾ ಹೊರಬರುತ್ತದೆ, ಅರ್ಧದಲ್ಲಿ ನಿಲ್ಲುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಗ್ಲಿಸರಿನ್ ಸಪೋಸಿಟರಿ, ಅಂದರೆ ಗುದದೊಳಗೆ ಇಡುವ ಬತ್ತಿಯಂಥ ಮಾತ್ರೆ ಇದೆ. ತಿಂಡಿಯಾದ ಮೇಲೆ ಒಂದನ್ನು ಗುದನಾಳದ ಗೋಡೆಗೆ ತಾಗುವಂತೆ ಇಟ್ಟರೆ 15ರಿಂದ 30 ನಿಮಿಷದಲ್ಲಿ ಕೆಲಸ ಮಾಡುತ್ತದೆ. ಮಲದ ಉಂಡೆಯೊಳಗೇ ಚುಚ್ಚಿದರೆ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು. 'ನನಗೆ ಸಪೋಸಿಟರಿ ಹಿಡಿಯಲ್ಲ' ಎನ್ನುವವರಲ್ಲಿ ಅನೇಕರದ್ದು ಇದೇ ಎಡವಟ್ಟು. ಅದಕ್ಕೂ ಮುಂದಿನ ಹಂತ ಗುದನಾಳವನ್ನು ಹದ ಬಿಸಿ ನೀರಿನಲ್ಲಿ ತೊಳೆಯುವ ಉಪಕರಣ. ಅದನ್ನು ನರ್ಸ್ ಹತ್ತಿರ ಕಲಿತೇ ಮಾಡಬೇಕು, ಮನೆಯ ಪೈಪು ಹಿಡಿದು ಪ್ರಯೋಗ ಬೇಡ.

ಚರ್ಮ ಉರಿಯುತ್ತಿದ್ದರೆ ಸೋಪು ಬಿಡಿ. ಬರೀ ನೀರಿನಲ್ಲಿ ತೊಳೆದು ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಸವರಿ. ಸೋರುವುದು ಬರೀ ನೀರಿನಂತಿದ್ದು, ನಾಲ್ಕೈದು ದಿನದಿಂದ ಸರಿಯಾಗಿ ಹೊರಗೆ ಹೋಗಿಯೇ ಇಲ್ಲವೆಂದರೆ ಅದು ಭೇದಿ ಅಲ್ಲದಿರಬಹುದು. ಒಳಗೆ ಗಟ್ಟಿ ಗುಂಡು ಕೂತಿದ್ದು, ಅದರ ಪಕ್ಕದಿಂದ ನೀರು ಮಲ ನುಸುಳಿ ಬರುತ್ತದೆ. ಅಂಥ ಹೊತ್ತಲ್ಲಿ ಭೇದಿ ನಿಲ್ಲಿಸುವ ಮಾತ್ರೆ ನುಂಗಿದರೆ ಪರಿಸ್ಥಿತಿ ಕೆಡುತ್ತದೆ. ಮೊದಲು ತೋರಿಸಿ.

ಪ್ರಶ್ನೆ: ಇಂಟರ್‌ನೆಟ್ ನೋಡಿ ಕೆಳಗಿನ ಸ್ನಾಯು ಹಿಂಡಿ ಬಿಡುವ ಕೆಗೆಲ್ ವ್ಯಾಯಾಮ ಶುರು ಮಾಡಿದೆ, ದಿನಕ್ಕೆ 200 ಸಲ. ಜಾರಿದ್ದು ಕಡಿಮೆಯಾಗಲಿಲ್ಲ, ಮಲಬದ್ಧತೆ ಜಾಸ್ತಿಯಾಯಿತು. ವ್ಯಾಯಾಮ ಸುಳ್ಳೇ?

ಉತ್ತರ: ವ್ಯಾಯಾಮ ಸುಳ್ಳಲ್ಲ, 200 ಸುಳ್ಳು. ಜೊತೆಗೆ ಒಂದು ಅನುಮಾನವೂ ಇದೆ. ಕೆಲವರಿಗೆ ಆ ಕುಣಿಕೆ ಸ್ನಾಯು ಸಡಿಲವಲ್ಲ, ಬಿಗಿ. ಮಲ ಬಿಡಬೇಕಾದ ಹೊತ್ತಿಗೇ ಅದು ಹಿಡಿಯುತ್ತದೆ. ಬಾಗಿಲು ಹಾಕಿಕೊಂಡು ಒಳಗಿಂದ ನೂಕಿದ ಹಾಗೆ. ಅಂಥವರು ಹಿಂಡುವುದನ್ನೇ ಅಭ್ಯಾಸ ಮಾಡಿದರೆ ಹಿಡಿತ ಹೆಚ್ಚುತ್ತದೆ. ಫಿಸಿಯೋಥೆರಪಿಸ್ಟ್ ಬೆರಳಿಟ್ಟು ಪರೀಕ್ಷಿಸಿ 'ಈಗ ಹಿಂಡಿ, ಈಗ ಬಿಡಿ, ಈಗ ನೂಕಿ' ಎಂದಾಗ ಇದು ಗೊತ್ತಾಗುತ್ತದೆ. ನೂಕಿ ಎಂದಾಗ ಬೆರಳಿನ ಸುತ್ತ ಬಿಗಿಯಾದರೆ ನಿಮಗೆ ಮೊದಲು ಬೇಕಿರುವುದು ಬಿಡುವ ಪಾಠ. ಗುದನಾಳದಲ್ಲಿ ಸಣ್ಣ ಬಲೂನಿಟ್ಟು ಹೊರಹಾಕಲು ಹೇಳುವ ಪರೀಕ್ಷೆಯೂ ಇದೆ, ಪರದೆಯ ಮೇಲೆ ಸ್ನಾಯುವಿನ ಏರಿಳಿತ ನೋಡುತ್ತಾ ಕಲಿಯುವ ಬಯೋಫೀಡ್‌ಬ್ಯಾಕ್ ಇದೆ. ಈ ತೊಂದರೆಗೆ ಔಷಧಕ್ಕಿಂತ ಬಯೋಫೀಡ್‌ಬ್ಯಾಕೇ ಮೇಲು.

ಸ್ನಾಯು ನಿಜಕ್ಕೂ ಸಡಿಲವೆಂದು ಗೊತ್ತಾದರೆ ಕ್ರಮ ಹೀಗೆ: ಗಾಳಿ ತಡೆಯುವಾಗ ಹಿಡಿಯುವಂತೆ ಹಿಂದಿನಿಂದ ಮುಂದಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಪಿರ್ರೆ, ಹೊಟ್ಟೆ ಬಿಗಿಯಬಾರದು, ಉಸಿರಾಟ ನಡೆಯುತ್ತಿರಬೇಕು. ಮೊದಲು 3 ಸೆಕೆಂಡ್ ಹಿಡಿದರೂ ಸರಿ, ವಾರಗಳಲ್ಲಿ 10 ಸೆಕೆಂಡಿಗೆ ಏರಿಸಿ. ಹಿಡಿದಷ್ಟೇ ಹೊತ್ತು ಪೂರ್ತಿ ಬಿಡಬೇಕು. ಬಿಡುವುದನ್ನು ನುಂಗಿಹಾಕುವುದೇ ಸಾಮಾನ್ಯ ತಪ್ಪು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ ಮೊದಲ ಮತ್ತು ಎರಡನೇ ಹಂತದ ಜಾರುವಿಕೆಗೆ ತಜ್ಞರ ನಿಗಾದಲ್ಲಿ ಕನಿಷ್ಠ 16 ವಾರ ಮಾಡಿ ನೋಡಲು ಹೇಳುತ್ತದೆ. ಕೆಮ್ಮು, ಸೀನು ಬಂದಾಗ, ಭಾರ ಎತ್ತುವಾಗ ಒಂದು ಕ್ಷಣ ಮುಂಚೆ ಹಿಂಡಿಕೊಳ್ಳುವುದೂ ರೂಢಿಯಾಗಲಿ. ಭಾರ ಎಳೆಯುವಿಕೆ, ಉಬ್ಬಿನ ಕಾಟ ಇದರಿಂದ ಇಳಿಯುತ್ತದೆ. ಆದರೆ ಗೋಡೆಯಲ್ಲಿ ದೊಡ್ಡ ಚೀಲವಾಗಿದ್ದರೆ ಅದನ್ನು ವ್ಯಾಯಾಮ ಮುಚ್ಚುವುದಿಲ್ಲ, ಆ ಭರವಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಜಾರಿದ ಅಂಗಕ್ಕೆ ಆಸರೆಯಾಗಿ ಯೋನಿಯೊಳಗೆ ಪೆಸರಿ ರಿಂಗ್ ಹಾಕಿಸಿಕೊಂಡೆ. ಶೌಚಕ್ಕೆ ಕೂತಾಗ ಎರಡು ಸಲ ಬಿದ್ದೇಹೋಯಿತು. ಅಳತೆ ತಪ್ಪಿರಬಹುದೇ?

ಉತ್ತರ: ಇರಬಹುದು, ಚಿಕ್ಕದಾಗಿದ್ದರೆ ಬೀಳುತ್ತದೆ. ಆದರೆ ಮೊದಲು ತಿಣುಕುವುದು ನಿಂತಿದೆಯೇ ನೋಡಿ. ಮಲಬದ್ಧತೆ ಸರಿಯಾಗದೆ ಯಾವ ಅಳತೆಯ ರಿಂಗೂ ನಿಲ್ಲುವುದಿಲ್ಲ. ಶೌಚದ ಹೊತ್ತಿಗೆ ಒಂದು ಬೆರಳನ್ನು ರಿಂಗಿನ ಕೆಳ ಅಂಚಿಗೆ ಆನಿಸಿ ಹಿಡಿಯಿರಿ. ತೆಗೆದು ಹಾಕಲು ಕಲಿತವರು ಶೌಚಕ್ಕೆ ಮುಂಚೆ ತೆಗೆದು, ತೊಳೆದು, ಆಮೇಲೆ ಹಾಕಿಕೊಳ್ಳಬಹುದು. ಉಲ್ಟಾ ಸಮಸ್ಯೆಯೂ ಇದೆ: ತೀರಾ ದೊಡ್ಡ ಪೆಸರಿ ಗುದನಾಳವನ್ನು ಹಿಂದಕ್ಕೆ ಒತ್ತಿ ಮಲವನ್ನೇ ತಡೆಯುತ್ತದೆ. ಹಾಕಿಸಿಕೊಂಡ ದಿನವೇ ಆಸ್ಪತ್ರೆಯಲ್ಲಿ ಓಡಾಡಿ, ಮೂತ್ರ ಮಾಡಿ, ಬಾಗಿ, ಕೆಮ್ಮಿ ನೋಡಿ ಬರಬೇಕು. ಹಿಂಗೋಡೆಯ ಉಬ್ಬಿಗೆ ಪೆಸರಿ ಮುಂಗೋಡೆಗೆ ಆಗುವಷ್ಟು ಚೆನ್ನಾಗಿ ಆಗಿಬರುವುದಿಲ್ಲ ಎನ್ನುವುದೂ ನಿಜ. ಮುಟ್ಟು ನಿಂತವರಿಗೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಚರ್ಮ ಉಜ್ಜಿಹೋಗದಂತೆ ಕಾಪಾಡುತ್ತದೆ. ರಕ್ತ, ವಾಸನೆಯ ಸ್ರಾವ ಕಂಡರೆ ಮುಂದಿನ ತಪಾಸಣೆ ತನಕ ಕಾಯಬೇಡಿ.

ಪ್ರಶ್ನೆ: ಆಪರೇಷನ್ ಮಾಡಿಸಿಕೊಂಡರೆ ಮಲಬದ್ಧತೆ ಪೂರ್ತಿ ಹೋಗುತ್ತದೆಯೇ? ಒಬ್ಬರು ಹೌದು ಅಂದರು, ಇನ್ನೊಬ್ಬರು ಖಾತ್ರಿ ಇಲ್ಲ ಅಂದರು.

ಉತ್ತರ: ಎರಡನೆಯವರು ನಿಮಗೆ ನಿಜ ಹೇಳಿದ್ದಾರೆ. ಹಿಂಗೋಡೆಯನ್ನು ಬಿಗಿಮಾಡುವ ಶಸ್ತ್ರಚಿಕಿತ್ಸೆ ಉಬ್ಬನ್ನು ಸರಿಮಾಡುತ್ತದೆ. ಬೆರಳಿಂದ ಒತ್ತಿದಾಗ ಮಲ ಹೋಗುತ್ತಿದ್ದವರಿಗೆ ಲಾಭ ಹೆಚ್ಚು, ಯಾಕೆಂದರೆ ಹೊಲಿಗೆ ಮಾಡುವುದು ಅದೇ ಬೆರಳಿನ ಕೆಲಸ. ಕರುಳೇ ನಿಧಾನವಾಗಿದ್ದರೆ, ಅಂದರೆ ವಾರಕ್ಕೊಮ್ಮೆ ಕರೆ ಬರುವುದೇ ಕಷ್ಟವಾಗಿದ್ದರೆ, ಹೊಲಿಗೆಯಿಂದ ಅದು ವೇಗ ಪಡೆಯುವುದಿಲ್ಲ. ಕುಣಿಕೆ ಸ್ನಾಯು ಬಿಗಿಯಾಗಿದ್ದರೂ ಅಷ್ಟೇ. ತಿಣುಕುವುದು ಮುಂದುವರಿದರೆ ಹೊಲಿಗೆ ಮತ್ತೆ ಸಡಿಲ. ಅದಕ್ಕೇ ಒಪ್ಪುವ ಮುಂಚೆ ಕೇಳಿ: ನನ್ನ ಮಲ ಸಿಕ್ಕುವುದು ಚೀಲದಲ್ಲೇ ಎಂದು ಹೇಗೆ ಗೊತ್ತಾಯಿತು? ಎಕ್ಸ್-ರೇಯಲ್ಲಿ ಕಾಣುವ ಬೇರಿಯಂ ಪೇಸ್ಟನ್ನು ಗುದನಾಳಕ್ಕೆ ತುಂಬಿ ಶೌಚ ಮಾಡುವಾಗಲೇ ಎಕ್ಸ್-ರೇ ತೆಗೆಯುವ, ಅಥವಾ ಎಂಆರ್‌ಐಯಲ್ಲಿ ನೋಡುವ ಡೆಫಿಕೋಗ್ರಫಿಯಲ್ಲಿ ಇದು ಕಾಣುತ್ತದೆ. ಸಣ್ಣ ಕರುಳು ಮೇಲಿಂದ ಇಳಿದು ಗುದನಾಳವನ್ನು ಒತ್ತುತ್ತಿದೆಯೇ, ಗುದನಾಳ ತನ್ನೊಳಗೇ ಮಡಚಿಕೊಳ್ಳುತ್ತಿದೆಯೇ ಎನ್ನುವುದೂ ಅಲ್ಲೇ ತಿಳಿಯುತ್ತದೆ. ಎಲ್ಲರಿಗೂ ಈ ಪರೀಕ್ಷೆ ಬೇಕೆಂದಿಲ್ಲ. ಡಾಕ್ಟರು ಕೈಯಿಂದ ಪರೀಕ್ಷಿಸಿದಾಗ ಕಂಡದ್ದಕ್ಕೂ ನಿಮ್ಮ ತೊಂದರೆಗೂ ತಾಳೆಯಾಗದಿದ್ದಾಗ ಬೇಕೇಬೇಕು.

ಬಿಗಿ ಜಾಸ್ತಿಯಾದರೆ ಆಮೇಲೆ ಲೈಂಗಿಕ ಸಂಪರ್ಕ ನೋವಾಗಬಹುದು, ಇದನ್ನು ನೀವೇ ಬಾಯಿಬಿಟ್ಟು ಕೇಳಬೇಕಾದೀತು. ಯೋನಿಯ ಮೂಲಕ ಮೆಶ್, ಅಂದರೆ ಆಸರೆಗೆ ಕೂರಿಸುವ ಕೃತಕ ಬಲೆ ಹಾಕುತ್ತೇವೆಂದರೆ ಕಾರಣ ವಿವರಿಸಲು ಹೇಳಿ. ಜಾರುವಿಕೆಗೆ ಹೀಗೆ ಹಾಕುವ ಮೆಶ್‌ಗಳ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಆಪರೇಷನ್ ಆದ ಮೇಲಿನ ಮೊದಲ ಶೌಚಕ್ಕೆ ಎಲ್ಲರೂ ಹೆದರುತ್ತಾರೆ. ಮಲ ಮೆತ್ತಗಾಗಿಸುವ ಔಷಧವನ್ನು ಮೊದಲ ದಿನದಿಂದಲೇ ಕೊಡುವುದು ಇದಕ್ಕೇ. ಮಡಚಿದ ಸ್ವಚ್ಛ ಬಟ್ಟೆಯನ್ನು ಹೊಲಿಗೆಯ ಜಾಗಕ್ಕೆ ಹೊರಗಿನಿಂದ ಆನಿಸಿ ಹಿಡಿದರೆ ಧೈರ್ಯ ಬರುತ್ತದೆ. ಆರು ವಾರ ಭಾರ ಎತ್ತುವಂತಿಲ್ಲ.

ಪ್ರಶ್ನೆ: ಅಮ್ಮನಿಗೆ 78. ಶೌಚಕ್ಕೆ ಕೂತಾಗ ಹಿಂದುಗಡೆಯಿಂದ ಕೆಂಪಗೆ ಏನೋ ಹೊರಬರುತ್ತದಂತೆ, ಕೈಯಿಂದ ಒಳಗೆ ತಳ್ಳುತ್ತಾರೆ. ಮೂಲವ್ಯಾಧಿ ಎಂದು ಮುಲಾಮು ಹಚ್ಚುತ್ತಿದ್ದಾರೆ. ಗರ್ಭಕೋಶವೂ ಜಾರಿದೆ.

ಉತ್ತರ: ಗುದನಾಳವೇ ಹೊರಜಾರುತ್ತಿರಬಹುದು. ಮೂಲವ್ಯಾಧಿಯಾದರೆ ಬೇರೆ ಬೇರೆ ಗಂಟುಗಳು, ನಡುವಿನ ಗೆರೆಗಳು ಚಕ್ರದ ಅರಗಳ ಹಾಗೆ. ಗುದನಾಳ ಪೂರ್ತಿ ಜಾರಿದರೆ ಒಂದೇ ಉದ್ದ ಮುದ್ದೆ, ಮೇಲೆ ಒಂದರೊಳಗೊಂದು ಬಳೆ ಜೋಡಿಸಿದಂತೆ ದುಂಡು ಮಡಿಕೆಗಳು. ಸಾಧ್ಯವಾದರೆ ಹೊರಬಂದಾಗ ಫೋನಿನಲ್ಲಿ ಒಂದು ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ; ಮಂಚದ ಮೇಲೆ ಮಲಗಿಸಿ ನೋಡುವಾಗ ಅದು ಒಳಗೆ ಹೋಗಿ ಏನೂ ಕಾಣದಿರುವುದೇ ಹೆಚ್ಚು. ಒಳಗೆ ಸೇರಿಸುವಾಗ ಪಕ್ಕಕ್ಕೆ ಮಲಗಿಸಿ, ಜೆಲ್ಲಿ ಹಚ್ಚಿ, ನಿಧಾನವಾಗಿ ಒಂದೇ ಸಮನೆ ಒತ್ತಬೇಕು. ಒಳಗೆ ಹೋಗದಿದ್ದರೆ, ಕಪ್ಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ, ನೋವು ಏರುತ್ತಿದ್ದರೆ ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸೆಗೆ ಹೊರಡಿ.

ಹಾಗೆಯೇ ವಾಂತಿಯಾಗಿ ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ಮೂತ್ರ ಕಟ್ಟಿದರೆ, ತೊಡೆಸಂದು ಗುದದ ಸುತ್ತ ಮರಗಟ್ಟಿದರೆ ಕಾಯುವಂತಿಲ್ಲ. ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ರಕ್ತಹೀನತೆ, ಈ ವಯಸ್ಸಲ್ಲಿ ಹೊಸದಾಗಿ ಶೌಚದ ರೀತಿ ಬದಲಾಗಿದ್ದು ಇವನ್ನು 'ಜಾರಿದೆಯಲ್ಲ, ಅದಕ್ಕೇ' ಎಂದು ತಳ್ಳಿಹಾಕಬೇಡಿ. ದೊಡ್ಡ ಕರುಳನ್ನು ನೋಡಿಸಲೇಬೇಕು.

ಪ್ರಶ್ನೆ: ಡಾಕ್ಟರ ಹತ್ತಿರ ಹೋದಾಗ ಬಾಯೇ ಬರುವುದಿಲ್ಲ. 'ಮೋಷನ್ ಸರಿಯಾಗುತ್ತಾ?' ಅಂದರೆ 'ಹ್ಞೂಂ' ಅಂದುಬಿಡುತ್ತೇನೆ.

ಉತ್ತರ: ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟುಬಿಡಿ. 'ಮಲ ಹೋಗಲು ನಾನು ಯೋನಿಯ ಗೋಡೆಯನ್ನು ಬೆರಳಿಂದ ಒತ್ತಬೇಕಾಗುತ್ತದೆ' ಎನ್ನುವ ಒಂದೇ ವಾಕ್ಯ ಅರ್ಧ ರೋಗಪತ್ತೆ ಮಾಡಿಬಿಡುತ್ತದೆ. ಅದರ ಕೆಳಗೆ ಎರಡು ವಾರದ ಲೆಕ್ಕ: ಯಾವ ದಿನ ಹೋಯಿತು, ಬ್ರಿಸ್ಟಲ್ ಚಾರ್ಟಿನ ಯಾವ ನಮೂನೆ, ಎಷ್ಟು ಹೊತ್ತು ಕೂತಿರಿ, ಒತ್ತಿದಿರೋ ಇಲ್ಲವೋ, ಆಮೇಲೆ ಸೋರಿತೇ. ನುಂಗುವ ಮಾತ್ರೆಗಳ ಹೆಸರು ಪಕ್ಕದಲ್ಲಿ. ಬೆಳಿಗ್ಗೆ ಉಬ್ಬು ಒಳಗಿರುತ್ತದೆ, ದಿನವೆಲ್ಲ ನಿಂತು ಓಡಾಡಿದ ಮೇಲೆ ಇಳಿಯುತ್ತದೆ. ಹಾಗಾಗಿ ಸಂಜೆಯ ಸರದಿ ಸಿಕ್ಕಿದರೆ ತೆಗೆದುಕೊಳ್ಳಿ, ಮತ್ತು ಮಲಗಿ ನೋಡಿದಾಗ ಏನೂ ಇಲ್ಲವೆಂದರೆ 'ನಿಂತುಕೊಂಡು ತಿಣುಕುತ್ತೇನೆ, ಆಗ ನೋಡಿ' ಎಂದು ನೀವೇ ಹೇಳಿ.